ಪ್ಲಗ್ಗಮ್ಮನೂ ನನ್ನ ಡಬ್ಬಿಯೂ

ನನ್ನ ನಾದಿನಿಯ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯೋಣವೆಂದು ಕೂತಿದ್ದೇನೆ. ನಡುನಡುವೆ ಹೊಟ್ಟೆಕಿಚ್ಚು ಇಣುಕಿದರೆ ಓದುವವರು ಸಹಿಸಿಕೊಳ್ಳಬೇಕು. ನಾನು ಆರು ವರ್ಷದಿಂದ ಸಹಿಸಿಕೊಂಡೇ ಬಂದಿದ್ದೇನೆ. ಅವಳು ನನ್ನ ಹೆಂಡತಿಯ ತಂಗಿ. ಅವಳನ್ನು ಆಫೀಸಿಗೆ ಕರೆತಂದು ಕುರ್ಚಿ ತೋರಿಸಿದವನೂ ನಾನೇ. ಹೀಗಾಗಿ ಯಾರನ್ನಾದರೂ ಬೈಯಬೇಕೆಂದರೆ ನನ್ನಿಂದಲೇ ಶುರು ಮಾಡಬೇಕು.

ನಮ್ಮ ಆಫೀಸು ಒಂದು ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ಹನ್ನೊಂದು ಜನ, ಎರಡು ಕೋಣೆ, ಒಂದು ಸಣ್ಣ ಬಾಲ್ಕನಿ. ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ನರ್ಸ್‌ಗಳು ಕೈಯಲ್ಲಿ ಹಿಡಿಯುವ ಟ್ಯಾಬ್ಲೆಟ್ಟಿಗೆ ನಾವು ಆ್ಯಪ್ ಮಾಡಿಕೊಡುತ್ತೇವೆ. ಯಾರಿಗೆ ಯಾವ ಇಂಜೆಕ್ಷನ್ ಕೊಟ್ಟಾಯಿತು, ಯಾರ ಗಾಯದ ಪಟ್ಟಿ ಬದಲಾಯಿತು, ಎಲ್ಲವೂ ಅದರಲ್ಲಿ ದಾಖಲಾಗಬೇಕು. ನೆಲಮಾಳಿಗೆಯ ಮನೆಗಳಲ್ಲಿ, ಲಿಫ್ಟಿನ ಪಕ್ಕದ ಕೋಣೆಗಳಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಆದ್ದರಿಂದ ದಾಖಲೆಗಳನ್ನು ಇಡುವ ಡೇಟಾಬೇಸು ದೂರದ ಯಾವುದೋ ಸರ್ವರಿನಲ್ಲಿದ್ದರೆ ಉಪಯೋಗವಿಲ್ಲ. ಆ್ಯಪ್ಪಿನ ಹೊಟ್ಟೆಯೊಳಗೇ, ಆ ಟ್ಯಾಬ್ಲೆಟ್ಟಿನಲ್ಲೇ ಅದು ಕೂತಿರಬೇಕು. ಹದಿನಾಲ್ಕು ವರ್ಷದ ಹಿಂದೆ ಅಂಥದ್ದೊಂದನ್ನು ನಾನು ಒಬ್ಬನೇ ಕೂತು ಬರೆದೆ. ಅದಕ್ಕೆ ನಾನಿಟ್ಟ ಹೆಸರು ಉದ್ದವಾಗಿತ್ತು, ಯಾರ ಬಾಯಿಗೂ ಹತ್ತಲಿಲ್ಲ. ಎಲ್ಲರೂ ಡಬ್ಬಿ ಎಂದರು. ಕ್ರಮೇಣ ನಾನು ಡಬ್ಬಿ ಸಾರ್ ಆದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ನನ್ನ ಹೆಗ್ಗಣ ನಿಜಕ್ಕೂ ಮುದ್ದಾಗಿಯೇ ಇತ್ತು. ಹದಿನಾಲ್ಕು ವರ್ಷ ಒಂದು ದಾಖಲೆಯನ್ನೂ ಕಳೆದಿರಲಿಲ್ಲ.

ನಾದಿನಿ ಆ ಕಾಲದಲ್ಲಿ ನಮ್ಮ ಆ್ಯಪನ್ನು ಹಿಡಿದು ತಿರುಗುತ್ತಿದ್ದ ನರ್ಸ್‌ಗಳಲ್ಲಿ ಒಬ್ಬಳು. ಒಂಬತ್ತು ವರ್ಷ ಮೆಟ್ಟಿಲು ಹತ್ತಿ ಇಳಿದಳು. ದಿನಕ್ಕೆ ಹದಿನೆಂಟು ಮನೆ. ಕೈಗಡಿಯಾರವನ್ನು ಮಣಿಕಟ್ಟಿನ ಒಳಬದಿಗೆ ಕಟ್ಟಿಕೊಳ್ಳುತ್ತಾಳೆ, ನಾಡಿ ಹಿಡಿದಾಗ ಕೈ ತಿರುಗಿಸುವ ಕೆಲಸವಿರಬಾರದೆಂದು. ಈಗಲೂ ಹಾಗೇ ಕಟ್ಟುತ್ತಾಳೆ. ಬಿಸಿ ಚಹಾ ಕುಡಿಯುವುದೇ ಅವಳಿಗೆ ಗೊತ್ತಿಲ್ಲ. ಯಾರೋ ಕೊಟ್ಟದ್ದನ್ನು ಪಕ್ಕಕ್ಕಿಟ್ಟು ಕೆಲಸ ಮುಗಿಸಿ ತಣ್ಣಗೆ ಗಟಗಟನೆ ಕುಡಿದು ಹೊರಡುವುದು ರೂಢಿ. ಒಂದು ದಿನ ಒದ್ದೆ ಮೆಟ್ಟಿಲಲ್ಲಿ ಜಾರಿ ಬಲ ಮಂಡಿ ಮುರಿದುಕೊಂಡಳು. ಆಪರೇಷನ್ ಆಯಿತು, ಮೆಟ್ಟಿಲ ಕೆಲಸಕ್ಕೆ ಮಾತ್ರ ಮಂಡಿ ಒಗ್ಗಲಿಲ್ಲ.

"ನಿಮ್ಮ ಆಫೀಸಲ್ಲಿ ಕೂತು ಮಾಡೋ ಕೆಲಸ ಏನಾದ್ರೂ ಇದೆಯಾ ನೋಡಿ" ಎಂದಳು ನನ್ನ ಹೆಂಡತಿ. "ಫೋನ್ ಎತ್ತೋಕಾದ್ರೂ ಸರಿ."

ಫೋನ್ ಎತ್ತಲೆಂದೇ ಅವಳು ಬಂದದ್ದು. ನರ್ಸ್‌ಗಳು ಫೋನ್ ಮಾಡಿ "ಅಕ್ಕಾ, ಪರದೆ ಅಲ್ಲಾಡ್ತಾನೇ ಇಲ್ಲ" ಎಂದರೆ ಇವಳು ಸಮಾಧಾನ ಹೇಳಬೇಕು. ಎರಡು ತಿಂಗಳು ಅದನ್ನೇ ಮಾಡಿದಳು. ಮೂರನೆಯ ತಿಂಗಳು ನನ್ನ ಮೇಜಿನ ಬಳಿ ಬಂದು ನಿಂತಳು.

"ಭಾವ, 'ಉಳಿಸು' ಅಂತ ಒತ್ತಿದ್ಮೇಲೆ ಅದು ಎಲ್ಲಿಗೆ ಹೋಗುತ್ತೆ?"

"ಡಬ್ಬಿಗೆ" ಎಂದೆ, ಕೊಂಚ ಬೀಗಿಕೊಂಡೇ.

"ಹೋಗಿ ಸೇರ್ತು ಅಂತ ಡಬ್ಬಿಗೆ ಹೇಗೆ ಗೊತ್ತಾಗುತ್ತೆ?"

ಡಬ್ಬಿ ಬರೆದಂದಿನಿಂದ ನನ್ನನ್ನು ಯಾರೂ ಕೇಳದಿದ್ದ ಪ್ರಶ್ನೆ ಇದು. ಖುಷಿಯಾಗಿ ಒಂದು ಗಂಟೆ ವಿವರಿಸಿದೆ. ಬರೆ ಎಂದು ನಾವು ಹೇಳಿದ ತಕ್ಷಣ ಟ್ಯಾಬ್ಲೆಟ್ಟು "ಬರೆದೆ" ಎಂದು ಬಿಡುತ್ತದೆ, ಆದರೆ ಅದು ಅರ್ಧ ಸುಳ್ಳು. ಮಾತು ಇನ್ನೂ ಅದರ ಬಾಯಲ್ಲೇ ಇರುತ್ತದೆ, ಒಳಗಿನ ಮೆಮೊರಿ ಚಿಪ್ಪಿಗೆ ಇಳಿದಿರುವುದಿಲ್ಲ. ನಿಜಕ್ಕೂ ಇಳಿಯಿತೇ ಎಂದು ನಿಂತು ಕಾಯಬೇಕು. ಡಬ್ಬಿ ಹಾಗೆ ಕಾಯುತ್ತದೆ, ಕಾದ ಮೇಲೆಯೇ ಪರದೆಯಲ್ಲಿ "ಉಳಿಸಲಾಗಿದೆ" ಎಂದು ತೋರಿಸುತ್ತದೆ. ಅದಕ್ಕೇ ಅದು ನಿಧಾನ, ಅದಕ್ಕೇ ಅದು ಪ್ರಾಮಾಣಿಕ. ಅವಳು ಹಳೆಯ ಲಕೋಟೆಯೊಂದರ ಬೆನ್ನಿಗೆ ಪೆನ್ಸಿಲಿನಿಂದ ಇಷ್ಟನ್ನೂ ಬರೆದುಕೊಂಡಳು. ಆ ದಿನ ನಾನು ಬಾಯಿ ಮುಚ್ಚಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಮೂವತ್ತಾರನೇ ವಯಸ್ಸಿನಲ್ಲಿ ಪ್ರೋಗ್ರಾಮ್ ಬರೆಯುವುದನ್ನು ಕಲಿತಳು. ಮೊದಮೊದಲು ನನ್ನನ್ನು ಕೇಳುತ್ತಿದ್ದಳು. ಆಮೇಲೆ ಕೇಳುವುದನ್ನು ನಿಲ್ಲಿಸಿದಳು. ಕೇಳುತ್ತಿದ್ದಾಗ ಪೀಡೆ ಎನಿಸುತ್ತಿತ್ತು, ನಿಲ್ಲಿಸಿದಾಗ ಕೇಳಬಾರದೇ ಎನಿಸಿತು. ಅವಳು ಬುದ್ಧಿವಂತೆಯೆಂದು ನನಗೆ ಉರಿಯಲಿಲ್ಲ. ಬುದ್ಧಿವಂತರನ್ನು ಬೇಕಾದಷ್ಟು ನೋಡಿದ್ದೇನೆ. ಅವಳಿಗೆ ಬೇರೇನೋ ಗೊತ್ತಿತ್ತು. ನಾವು ಹತ್ತು ಜನ ಆ್ಯಪನ್ನು ಮೇಜಿನ ಮೇಲಿಟ್ಟು ನೋಡುತ್ತಿದ್ದೆವು. ಅವಳು ಅದನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಮುದುಕರೊಬ್ಬರ ತೋಳು ಹಿಡಿದು, ಹಲ್ಲಿನಲ್ಲಿ ಸೂಜಿಯ ಮುಚ್ಚಳ ಕಚ್ಚಿಕೊಂಡು ನೋಡಿದವಳು.

ಅವಳಿಗೆ ಆಫೀಸಿನಲ್ಲಿ ಪ್ಲಗ್ಗಮ್ಮ ಎಂದು ಹೆಸರು ಬಿದ್ದದ್ದೂ ಅದರಿಂದಲೇ. ಹೊಸದೇನು ಬಂದರೂ ಅದು ಕೆಲಸ ಮಾಡುತ್ತದೆಯೇ ಎಂದು ನಾವು ನೋಡುತ್ತಿದ್ದೆವು. ಅವಳು ಅದು ಕೆಲಸ ಮಾಡುತ್ತಿರುವಾಗಲೇ ಪ್ಲಗ್ ಕೀಳುತ್ತಿದ್ದಳು. ಟ್ಯಾಬ್ಲೆಟ್ಟಾದರೆ ತಲೆಯಿಂದ ಹೇರ್‌ಪಿನ್ ತೆಗೆದು ಹಿಂದಿನ ಮುಚ್ಚಳ ಎಬ್ಬಿಸಿ ಬ್ಯಾಟರಿಯನ್ನೇ ಹಾರಿಸುತ್ತಿದ್ದಳು. ಮತ್ತೆ ಹಾಕಿ, ಶುರು ಮಾಡಿ, ಏನು ಉಳಿಯಿತು ಏನು ಹೋಯಿತು ಎಂದು ಲಕೋಟೆಯ ಬೆನ್ನಿಗೆ ಬರೆಯುತ್ತಿದ್ದಳು. ಮತ್ತೆ ಕೀಳುತ್ತಿದ್ದಳು.

"ಇದೇನಮ್ಮ, ಹುಡುಗಾಟ?" ಎಂದಿದ್ದೆ ಒಮ್ಮೆ.

"ಭಾವ, ನರ್ಸ್ ಬ್ಯಾಗಲ್ಲಿರೋ ಟ್ಯಾಬ್ಲೆಟ್ಟು ದಿನಕ್ಕೊಂದು ಸಲ ಸಾಯುತ್ತೆ. ಸತ್ತು ಎದ್ಮೇಲೆ ಅದು ಏನು ಹೇಳುತ್ತೆ ಅನ್ನೋದೇ ಮುಖ್ಯ."

ಎಲ್ಲರೂ ನಕ್ಕರು, ಆದರೆ ಎಲ್ಲರೂ ಒಪ್ಪಿದರು. ನಾನೂ ನಕ್ಕೆ. ಒಪ್ಪಿದ್ದನ್ನು ಮಾತ್ರ ಯಾರಿಗೂ ತೋರಿಸಲಿಲ್ಲ.

ಕಳೆದ ವರ್ಷ ಆ್ಯಪನ್ನು ಪೂರ್ತಿ ಹೊಸದಾಗಿ ಕಟ್ಟುವುದೆಂದು ತೀರ್ಮಾನವಾಯಿತು. ಯಜಮಾನರು, ಅಂದರೆ ನಮ್ಮ ಕಂಪನಿಯ ಮಾಲೀಕರು, ಎಲ್ಲರನ್ನೂ ಕೂರಿಸಿಕೊಂಡು ಒಂದು ಮಾತು ಎತ್ತಿದರು. ಹೊಸ ಆ್ಯಪ್ಪಿನೊಳಗೆ ಡಬ್ಬಿಯೇ ಇರಬೇಕೋ, ಬೇರೆ ಡೇಟಾಬೇಸು ತರಬೇಕೋ? ಬೇರೆಯದು ಒಂದು ಇತ್ತು. ಜಗತ್ತಿನಲ್ಲಿ ಎಷ್ಟೋ ಜನ ಬಳಸುವಂಥದ್ದು, ಒಂದೇ ಫೈಲಿನಲ್ಲಿ ಮುದುಡಿ ಕೂರುವಂಥದ್ದು, ಕಾಸು ಕೊಡಬೇಕಿಲ್ಲ. ನಾನು ಅದನ್ನು ಪುಕ್ಕಟೆ ಎಂದು ಕರೆದೆ, ಹೀಯಾಳಿಸಲೆಂದೇ. ಆ ಹೆಸರೂ ಅಂಟಿಕೊಂಡಿತು.

"ಪುಕ್ಕಟೆ ಸಿಕ್ಕಿದ್ರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅಂದ ಹಾಗಾಯ್ತು" ಎಂದೆ. "ನಮ್ಮದೇ ಇರುವಾಗ ಊರಿನದು ಯಾಕೆ?"

"ಡಬ್ಬಿ ಚೆನ್ನಾಗಿದೆ" ಎಂದರು ಯಜಮಾನರು. "ಆದ್ರೆ ಅದರ ಒಳಗು ಗೊತ್ತಿರೋದು ನಿಮಗೊಬ್ಬರಿಗೇ. ನಾಳೆ ನೀವು ಜ್ವರ ಬಂದು ಮಲಗಿದ್ರೆ ಏನ್ಮಾಡೋದು?"

ಹದಿನಾಲ್ಕು ವರ್ಷದ ಕೆಲಸ ಒಂದು ಜ್ವರಕ್ಕೆ ಇಳಿದು ಕೂತಿತು. ಅದಾದರೂ ಇರಲಿ. ಮುಂದೆ ಅವರು ತಿರುಗಿದ್ದು ನಾದಿನಿಯ ಕಡೆಗೆ. "ಎರಡನ್ನೂ ಪರೀಕ್ಷೆ ಮಾಡಿ ಹೇಳಮ್ಮಾ. ನೀನು ಹೇಳಿದ್ದೇ ಇಟ್ಕೊಳ್ಳೋಣ."

ನೀನು ಹೇಳಿದ್ದೇ! ಫೋನ್ ಎತ್ತಲು ಬಂದವಳು! ಆ ದಿನ ಮಧ್ಯಾಹ್ನ ಊಟದ ಡಬ್ಬ ತೆರೆದು ಹಾಗೇ ಮುಚ್ಚಿದೆ. ಮನೆಗೆ ಹೋಗಿ ಹೆಂಡತಿಗೆ ಹೇಳಿದರೆ ಅವಳು ಕಣ್ಣರಳಿಸಿ "ಹೌದಾ! ನಮ್ಮವಳನ್ನೇ ಕೇಳಿದ್ರಾ?" ಎಂದಳು. ಒಳಕೋಣೆಯಿಂದ ಅತ್ತೆಯೂ "ಯಾರು, ನನ್ನ ಚಿಕ್ಕೋಳಾ?" ಎಂದರು. ಮನೆಯಲ್ಲೂ ನನಗೆ ಆಸರೆಯಿರಲಿಲ್ಲ.

ಅತ್ತೆಯ ವಿಷಯ ಇಲ್ಲಿ ಹೇಳಿಬಿಡಬೇಕು. ಅವರಿರುವುದು ನಮ್ಮೊಂದಿಗೇ. ಸಕ್ಕರೆ ಕಾಯಿಲೆ, ದಿನಾ ಬೆಳಿಗ್ಗೆ ಇನ್ಸುಲಿನ್ ಇಂಜೆಕ್ಷನ್ ಆಗಬೇಕು, ಎರಡು ಸಲ ಆದರೆ ಪ್ರಾಣಕ್ಕೇ ಅಪಾಯ, ಒಬ್ಬ ನರ್ಸ್ ಬಂದು ಕೊಟ್ಟು ಹೋಗುತ್ತಾರೆ. ಅದಕ್ಕಿಂತ ದೊಡ್ಡದು ಮರೆವು. ಐವತ್ತು ವರ್ಷದ ಹಿಂದೆ ಯಾರ ಮನೆಯ ಮದುವೆಯಲ್ಲಿ ಯಾರು ಮುನಿಸಿಕೊಂಡರು ಎಂದು ಹೇಳುತ್ತಾರೆ, ಐದು ನಿಮಿಷದ ಹಿಂದೆ ತೋಳಿಗೆ ಸೂಜಿ ಚುಚ್ಚಿದ್ದನ್ನು ಮರೆಯುತ್ತಾರೆ. "ಇಂಜೆಕ್ಷನ್ ಆಯ್ತಾ ಅತ್ತೆ?" ಎಂದರೆ "ಇಲ್ಲಪ್ಪ, ಯಾರೂ ಬಂದೇ ಇಲ್ಲ" ಎನ್ನುತ್ತಾರೆ. ಅದಕ್ಕೆ ಅವರ ಮಂಚದ ಪಕ್ಕದ ಗೋಡೆಗೆ ಒಂದು ಹಾಳೆ ತೂಗುಹಾಕಿರುತ್ತಿತ್ತು, ಕೊಟ್ಟ ತಕ್ಷಣ ನರ್ಸ್ ಅದರಲ್ಲಿ ಬರೆಯುತ್ತಿದ್ದರು. ಎಲ್ಲ ರೋಗಿಗಳ ಮನೆಯಲ್ಲೂ ಇಂಥ ಗೋಡೆಹಾಳೆ ಇತ್ತು. ಹಾಳೆಯಲ್ಲೊಂದು, ಟ್ಯಾಬ್ಲೆಟ್ಟಿನಲ್ಲೊಂದು ಇದ್ದು ಎಡವಟ್ಟುಗಳಾಗುತ್ತಿದ್ದವು. ಹೊಸ ಆ್ಯಪ್ ಬಂದ ಮೇಲೆ ಹಾಳೆ ತೆಗೆದುಬಿಡಬೇಕು, ಪರದೆ ಹೇಳಿದ್ದೇ ಕೊನೆಯ ಮಾತು ಎಂಬ ನಿಯಮ ಬರೆದದ್ದೂ ನಾದಿನಿಯೇ.

ಪರೀಕ್ಷೆ ಎರಡು ಭಾಗವಾಗಿತ್ತು. ಮೊದಲನೆಯದು ಕೀಳುವುದು. ಎರಡೂ ಡೇಟಾಬೇಸುಗಳನ್ನು ಬರೆಯಲು ಬಿಟ್ಟು ನಡುವೆ ಬ್ಯಾಟರಿ ಹಾರಿಸುವುದು, ಒಂದೊಂದಕ್ಕೆ ಇನ್ನೂರು ಸಲ. ಮೇಜಿನ ಕೆಳಗೆ ಸಣ್ಣ ಸ್ಟೂಲಿನ ಮೇಲೆ ಮಂಡಿ ಚಾಚಿಕೊಂಡು ನಾಲ್ಕು ದಿನ ಕಿತ್ತಳು. ನಾನು ನೀರು ಕುಡಿಯುವ ನೆಪದಲ್ಲಿ ಹತ್ತು ಸಲ ಅತ್ತ ಹೋಗಿ ಬಂದೆ. ಕೊನೆಗೆ ಅವಳು ಲಕೋಟೆ ಎತ್ತಿ ತೋರಿಸಿದಳು. ಪುಕ್ಕಟೆ, ಇನ್ನೂರಕ್ಕೆ ಇನ್ನೂರು. ಡಬ್ಬಿ, ಇನ್ನೂರಕ್ಕೆ ಇನ್ನೂರು.

"ಭಾವ, ಒಂದೂ ಬಿಟ್ಟಿಲ್ಲ ನಿಮ್ಮ ಡಬ್ಬಿ" ಎಂದಳು. ಮುಖ ಅರಳಿತ್ತು. ಪರೀಕ್ಷೆ ಮಾಡುವವಳಿಗೆ ಯಾಕೆ ಇಷ್ಟು ಖುಷಿ, ಇದೂ ನಾಟಕವೇ ಇರಬೇಕು ಎಂದುಕೊಂಡೆ.

ಎರಡನೆಯದು ಓಡಿಸುವುದು. ಒಂದು ಸಾವಿರ ದಾಖಲೆ ಬರೆಯಲು ಎಷ್ಟು ಹೊತ್ತು? ಅದು ಸೋಮವಾರಕ್ಕಿತ್ತು. ನಾನು ಶನಿವಾರ ಮನೆಯಲ್ಲಿ ಕೂತು ಗುಟ್ಟಾಗಿ ಓಡಿಸಿ ನೋಡಿದೆ. ಪುಕ್ಕಟೆ ಹನ್ನೆರಡು ಸೆಕೆಂಡಿನಲ್ಲಿ ಮುಗಿಸಿತು. ಡಬ್ಬಿಗೆ ನಲವತ್ತೊಂದು. ಮತ್ತೆ ಓಡಿಸಿದೆ, ನಲವತ್ತು. ಸೋಮವಾರ ಆ ಸಂಖ್ಯೆಯನ್ನು ಓದಿ ಹೇಳುವ ಅವಳ ಮುಖ ಕಣ್ಣಿಗೆ ಕಟ್ಟಿತು. "ಪಾಪ ಭಾವ" ಎನ್ನುತ್ತಾಳೆ. ಬೈದರೆ ತಡೆದುಕೊಳ್ಳಬಹುದು, ಪಾಪ ಎಂದರೆ ಆಗುವುದಿಲ್ಲ.

ಡಬ್ಬಿಯ ಒಳಗೆ ಕಾಯುವ ಕೆಲಸ ಮಾಡುವ ಸಾಲು ಒಂದೇ ಒಂದು. ನಾನೇ ಬರೆದ ಸಾಲು. ಅದನ್ನು ತೆಗೆದುಹಾಕಿ ಓಡಿಸಿದೆ. ಮೂರು ಸೆಕೆಂಡು. ಈಗ ಡಬ್ಬಿಯೂ ಎಲ್ಲರಂತೆ "ಬರೆದೆ" ಎಂದು ಬಿಡುತ್ತಿತ್ತು, ಬರೆಯುವ ಮುಂಚೆಯೇ.

ಸೋಮವಾರ ಬೆಳಿಗ್ಗೆ ಅವಳ ಮೇಜಿಗೆ ಹೋಗಿ ಹೊಸದನ್ನು ಕೊಟ್ಟೆ. "ಓದೋ ಕಡೆ ಸಣ್ಣ ರಿಪೇರಿ ಮಾಡಿದ್ದೀನಿ. ಓಟಕ್ಕೆ ಇದನ್ನೇ ಹಾಕು."

"ಹಾಗಾದ್ರೆ ಕೀಳೋದನ್ನ ಇನ್ನೊಂದ್ಸಲ ಮಾಡ್ಬೇಕಾ ಭಾವ?"

"ಏನೂ ಬೇಡ. ಬರೆಯೋ ಕಡೆ ಕೈಯೇ ಹಾಕಿಲ್ಲ. ನಿನ್ನ ಮಂಡಿಗೂ ಎರಡು ದಿನ ವಿಶ್ರಾಂತಿ ಸಿಗಲಿ."

"ನೀವು ಹೇಳಿದ ಮೇಲೆ ಮುಗೀತು" ಎಂದಳು ಅವಳು.

ಮಂಡಿಯ ಹೆಸರು ಎತ್ತಿದ್ದೇ ನನಗೆ ಈಗಲೂ ಚುಚ್ಚುತ್ತದೆ. ಸುಳ್ಳು ಹೇಳುವವನು ಸುಳ್ಳು ಹೇಳಿ ಸುಮ್ಮನಿರಬೇಕು. ಅದರ ಮೇಲೆ ಕಾಳಜಿಯ ಸಕ್ಕರೆ ಉದುರಿಸಬಾರದು.

ಬುಧವಾರ ಎಲ್ಲರೂ ಕೂತರು. ಅವಳು ಎದ್ದು ನಿಂತು ಲಕೋಟೆಗಳನ್ನು ಜೋಡಿಸಿಕೊಂಡಳು. "ನನಗೆ ಮೊದಲಿಂದ ಪುಕ್ಕಟೆ ಮೇಲೇ ಮನಸ್ಸಿತ್ತು, ಅದನ್ನ ಮುಚ್ಚಿಡಲ್ಲ. ಕೀಳೋದ್ರಲ್ಲಿ ಎರಡೂ ಸಮ. ಓಡೋದ್ರಲ್ಲಿ ಡಬ್ಬಿ ನಾಲ್ಕು ಪಟ್ಟು ಮುಂದೆ. ಡಬ್ಬೀನೇ ಇರಲಿ. ಒಳಗಿಂದು ನಾನೂ ಭಾವನ ಹತ್ರ ಕೂತು ಕಲ್ತ್ಕೊಳ್ತೀನಿ, ಜ್ವರದ ಚಿಂತೆ ಬೇಡ." ಎಲ್ಲರೂ ಚಪ್ಪಾಳೆ ತಟ್ಟಿದರು. ಯಜಮಾನರು ಎದ್ದು ಬಂದು ನನ್ನ ಕೈ ಕುಲುಕಿದರು.

ನಾನು ಗೆದ್ದಿದ್ದೆ. ಆದರೆ ಆ ಕೋಣೆಯಲ್ಲಿ ದೊಡ್ಡವಳೆನಿಸಿಕೊಂಡದ್ದು ಅವಳು. ತನ್ನ ಮನಸ್ಸಿಗೆ ವಿರುದ್ಧವಾಗಿ ನ್ಯಾಯ ಹೇಳಿದಳು, ಅದೂ ನಗುನಗುತ್ತ. ನನಗೆ ಸಿಕ್ಕ ಚಪ್ಪಾಳೆಯಲ್ಲಿ ಅರ್ಧ ಅವಳದೇ. ಗೆದ್ದ ದಿನವೂ ಹೊಟ್ಟೆ ಉರಿಯುವಂಥ ದರಿದ್ರ ನನ್ನೊಬ್ಬನಿಗೇ ಇರಬೇಕು.

ಆಮೇಲೆ ತಪ್ಪು ತಿದ್ದಿಕೊಳ್ಳಬಹುದಿತ್ತು. ತೆಗೆದ ಸಾಲನ್ನು ಮತ್ತೆ ಹಾಕಿದರೆ ಡಬ್ಬಿ ಪ್ರಾಮಾಣಿಕವಾಗುತ್ತಿತ್ತು, ಆದರೆ ನಲವತ್ತು ಸೆಕೆಂಡಿಗೆ ಮರಳುತ್ತಿತ್ತು. ಮೂರು ಸೆಕೆಂಡು ಎಂದು ಯಜಮಾನರು ಆಗಲೇ ನರ್ಸ್‌ಗಳ ಸಂಸ್ಥೆಗೆ ಹೇಳಿಯಾಗಿತ್ತು. ಅವಸರ ಬೇಡ, ವೇಗವೂ ಉಳಿಯುವಂತೆ ದಾಖಲೆಯೂ ಉಳಿಯುವಂತೆ ಏನಾದರೂ ದಾರಿ ಹುಡುಕುತ್ತೇನೆ ಎಂದುಕೊಂಡೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹಗಲೆಲ್ಲ ಅದನ್ನೇ ಮಾಡುತ್ತಿದ್ದೆ. ಆಗಲಿಲ್ಲ. ಅಷ್ಟರಲ್ಲಿ ಹೊಸ ಆ್ಯಪನ್ನು ಮೊದಲು ಆರು ಮನೆಗಳಲ್ಲಿ ಬಳಸಿ ನೋಡುವ ದಿನ ಬಂತು. ಆ ಆರು ಮನೆಗಳನ್ನು ಆರಿಸಿದವಳು ನಾದಿನಿ.

"ಮೊದಲನೇದು ಅಮ್ಮನಿಗೇ" ಎಂದಳು. "ಭಾವ ಬರೆದದ್ದು, ಭಾವನ ಮನೆಯಿಂದಲೇ ಶುರುವಾಗ್ಲಿ."

ಬೇಡವೆನ್ನಲು ನನಗೆ ಕಾರಣವೇ ಹೊಳೆಯಲಿಲ್ಲ. ಹೊಳೆದ ಕಾರಣ ಒಂದೇ, ಅದನ್ನು ಬಾಯಿ ಬಿಟ್ಟು ಹೇಳುವಂತಿರಲಿಲ್ಲ. ಅತ್ತೆಯ ಮಂಚದ ಪಕ್ಕದ ಗೋಡೆಹಾಳೆಯನ್ನು ಅವಳೇ ಮಡಿಸಿ ಒಳಗಿಟ್ಟಳು. ಗೋಡೆಯಲ್ಲಿ ಮೊಳೆ ಮಾತ್ರ ಉಳಿಯಿತು.

ನಾಲ್ಕು ದಿನ ಏನೂ ಆಗಲಿಲ್ಲ. ನರ್ಸ್ ಬಂದರು, ಚುಚ್ಚಿದರು, ಒತ್ತಿದರು, "ಉಳಿಸಲಾಗಿದೆ" ಎಂದು ಬಂತು, ಹೋದರು. ನಾನು ಗಡ್ಡ ಕೆರೆಯುವ ನೆಪದಲ್ಲಿ ದಿನಾ ಅತ್ತೆಯ ಬಾಗಿಲಲ್ಲಿ ನಿಂತಿರುತ್ತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಾರೂ ಏನೂ ಎನ್ನದೆಯೇ ನಾನು ಹೆಗಲು ಮುಟ್ಟಿಕೊಳ್ಳುತ್ತಿದ್ದೆ.

ಐದನೆಯ ದಿನ ಹೆಂಡತಿ ಬೇಗ ಕೆಲಸಕ್ಕೆ ಹೋಗಿದ್ದಳು. ಎಂಟೂವರೆಗೆ ನರ್ಸ್ ಬಂದರು. ಅತ್ತೆಯ ತೋಳಿಗೆ ಇಂಜೆಕ್ಷನ್ ಕೊಟ್ಟರು, ಟ್ಯಾಬ್ಲೆಟ್ ಒತ್ತಿದರು, ಪರದೆಯಲ್ಲಿ ಅಕ್ಷರ ಮೂಡಿತು. ಅದನ್ನು ಮೇಜಿನ ಅಂಚಿಗಿಟ್ಟು ಕೈ ತೊಳೆಯಲು ತಿರುಗಿದ್ದೇ ತಡ, ಅವರ ಬ್ಯಾಗಿನ ಪಟ್ಟಿ ತಗುಲಿ ಟ್ಯಾಬ್ಲೆಟ್ಟು ನೆಲಕ್ಕೆ ಬಿತ್ತು. ಹಿಂದಿನ ಮುಚ್ಚಳ ಒಂದು ಕಡೆ, ಬ್ಯಾಟರಿ ಒಂದು ಕಡೆ.

"ಅಯ್ಯೋ!" ಎಂದು ಎತ್ತಿ, ಬ್ಯಾಟರಿ ಹಾಕಿ, ಗುಂಡಿ ಒತ್ತಿದರು. "ಏನಾಗಲ್ಲ ಬಿಡಿ ಸಾರ್, ಉಳಿಸಲಾಗಿದೆ ಅಂತ ಬಂದಿತ್ತು. ಇದು ಎದ್ದೇಳೋಕೆ ಐದು ನಿಮಿಷ ಬೇಕು. ಅಷ್ಟರಲ್ಲಿ ಮೇಲಿನ ಮನೆ ಅಜ್ಜನ ಪಟ್ಟಿ ಬದಲಾಯಿಸಿ ಬರ್ತೀನಿ." ಬ್ಯಾಗು ಎತ್ತಿಕೊಂಡು ಮೇಲೆ ಹೋದರು.

ನಾನು ಕೆನ್ನೆಯ ತುಂಬ ನೊರೆ ಬಳಿದುಕೊಂಡು ನಿಂತಿದ್ದೆ. ಅದು ಉಳಿದಿಲ್ಲವೆಂದು ನನಗೆ ಗೊತ್ತಿತ್ತು, ನನ್ನೊಬ್ಬನಿಗೆ ಮಾತ್ರ ಗೊತ್ತಿತ್ತು. ಮೊದಲು ನನಗೆ ಬಂದದ್ದು ಅತ್ತೆಯ ಯೋಚನೆಯಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ನರ್ಸ್ ಇಳಿದು ಬಂದಾಗ, "ಬಿದ್ದಿತ್ತಲ್ಲ, ಯಾವುದಕ್ಕೂ ಇನ್ನೊಮ್ಮೆ ದಾಖಲು ಮಾಡಿಬಿಡಿ" ಎಂದರೆ ಗುಟ್ಟು ಉಳಿಯುತ್ತದೆ ಎಂಬ ಯೋಚನೆ ಬಂತು. ಸಮಾಧಾನವಾಯಿತು. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದೆ.

ನೀರಿನ ಸದ್ದಿನ ಆಚೆ ಮುಂಬಾಗಿಲು ತೆರೆದದ್ದು ಕೇಳಿತು, ಆಮೇಲೆ ನಾದಿನಿಯ ದನಿ. ಆಫೀಸಿಗೆ ಹೋಗುವ ದಾರಿಯಲ್ಲಿ ಅಮ್ಮನನ್ನು ನೋಡಲು ಬಂದಿದ್ದಳು.

"ಅಮ್ಮ, ನರ್ಸ್ ಬಂದಿದ್ರಾ?"

"ಇಲ್ಲಮ್ಮ, ಯಾರೂ ಬಂದೇ ಇಲ್ಲ."

"ಟ್ಯಾಬ್ಲೆಟ್ ಇಲ್ಲೇ ಇದೆಯಲ್ಲ. ಮೇಲಿನ ಮನೆಗೆ ಮೊದಲು ಹೋದ್ರು ಅಂತ ಕಾಣುತ್ತೆ. ಇರು, ನೋಡ್ತೀನಿ." ಟ್ಯಾಬ್ಲೆಟ್ಟು ಎತ್ತಿದ ಸದ್ದು ಕೇಳಿತು. "ಬಾಕಿ ಅಂತ ಇದೆ. ಗಂಟೆ ಎಂಟು ಮುಕ್ಕಾಲಾಯ್ತು, ಊಟ ತಿಂಡಿ ಎಲ್ಲ ತಡವಾಗುತ್ತೆ. ನಾನೇ ಕೊಟ್ಟುಬಿಡ್ತೀನಮ್ಮ. ತೋಳು ಕೊಡು."

ಫ್ರಿಜ್ಜಿನ ಬಾಗಿಲು ತೆರೆದ ಸದ್ದು. ಔಷಧಿಯ ಸಣ್ಣ ಶೀಸೆ ಅಲ್ಲೇ ಇರುತ್ತದೆ. ನಾನು ಬಚ್ಚಲಿನಿಂದ ಓಡಿದೆ. ಒದ್ದೆ ಕಾಲು ಜಾರಿ ಗೋಡೆ ಹಿಡಿದುಕೊಂಡೆ. ಕೋಣೆಗೆ ಬಂದಾಗ ಅವಳು ಸಿರಿಂಜನ್ನು ಬೆಳಕಿಗೆ ಹಿಡಿದು ಗುಳ್ಳೆ ನೋಡುತ್ತಿದ್ದಳು. ಹಲ್ಲಿನಲ್ಲಿ ಸೂಜಿಯ ಮುಚ್ಚಳ.

"ಬೇಡ!" ಎಂದು ಕೂಗಿದೆ. "ಕೊಟ್ಟಾಗಿದೆ. ಎರಡನೇ ಸಲ ಕೊಡಬೇಡ!"

ಅವಳು ಮುಚ್ಚಳವನ್ನು ಬಾಯಿಂದ ತೆಗೆದಳು. "ಬಾಕಿ ಅಂತ ತೋರಿಸ್ತಿದೆಯಲ್ಲ ಭಾವ."

"ನರ್ಸ್ ಕೊಟ್ಟದ್ದನ್ನ ನಾನೇ ಕಣ್ಣಾರೆ ನೋಡಿದೆ. ಒತ್ತಿದ್ರು, ಉಳಿಸಲಾಗಿದೆ ಅಂತಾನೂ ಬಂತು. ಆಮೇಲೆ ಬಿದ್ದು ಬ್ಯಾಟರಿ ಹಾರ್ತು."

"ಉಳಿಸಲಾಗಿದೆ ಅಂತ ಬಂದ ಮೇಲೆ ಬ್ಯಾಟರಿ ಹಾರಿದ್ರೆ ಏನಂತೆ? ಇನ್ನೂರು ಸಲ ಕಿತ್ತಿದ್ದೀನಿ ನಾನು. ನಿಮ್ಮ ಡಬ್ಬಿ ಒಂದು ಸಲಾನೂ ಸುಳ್ಳು ಹೇಳಿಲ್ಲ." ಅವಳು ನನ್ನ ಡಬ್ಬಿಯ ಪರವಾಗಿ ನನ್ನೊಂದಿಗೇ ವಾದ ಮಾಡುತ್ತಿದ್ದಳು. "ನೀವು ನಿನ್ನೆ ನೋಡಿದ್ದನ್ನ ಇವತ್ತು ಅಂದ್ಕೊಂಡಿರಬೇಕು. ಅದಕ್ಕೇ ತಾನೇ ಪರದೆ ಹೇಳಿದ್ದೇ ಕೊನೆ ಮಾತು ಅಂತ ನಿಯಮ ಇಟ್ಟಿದ್ದು?"

ಮೇಲಿನ ಮನೆಗೆ ಹೋಗಿ ನರ್ಸನ್ನು ಕರೆತಂದಿದ್ದರೆ ಸಾಕಿತ್ತು. ಅವರು ಕೊಟ್ಟೆನೆಂದು ಹೇಳುತ್ತಿದ್ದರು, ಡಬ್ಬಿಯಲ್ಲಿ ಏನೋ ದೋಷವಿದೆ ಎಂದಾಗುತ್ತಿತ್ತು, ದೋಷ ಯಾರಿಗೆ ಬರುವುದಿಲ್ಲ? ಇದೂ ಆ ಕ್ಷಣದಲ್ಲೇ ಹೊಳೆಯಿತು. ಆದರೆ ಅವಳ ಇನ್ನೊಂದು ಕೈ ಅತ್ತೆಯ ತೋಳಿನ ಮೇಲಿತ್ತು, ಅತ್ತೆ ಮುಖ ಆಚೆ ತಿರುಗಿಸಿ ಕಣ್ಣು ಮುಚ್ಚಿಕೊಂಡಿದ್ದರು.

"ನೀನು ಕಿತ್ತದ್ದು ಈ ಡಬ್ಬಿಯಲ್ಲ" ಎಂದೆ.

ಅವಳಿಗೆ ಮತ್ತೊಂದು ಮಾತು ಬೇಕಾಗಲಿಲ್ಲ. ಅವಳ ಕಣ್ಣು ನನ್ನ ಮುಖದಿಂದ ಟ್ಯಾಬ್ಲೆಟ್ಟಿಗೆ, ಅಲ್ಲಿಂದ ಸಿರಿಂಜಿಗೆ ಹೋಯಿತು.

"ಕಾಯೋ ಸಾಲು ತೆಗೆದ್ರಾ?"

"ತೆಗೆದೆ."

"ಸೋಮವಾರ?"

"ಶನಿವಾರ. ನಿನಗೆ ಕೊಟ್ಟದ್ದು ಸೋಮವಾರ."

ಅವಳು ಸೂಜಿಗೆ ಮುಚ್ಚಳ ಹಾಕಿ ಸಿರಿಂಜನ್ನು ಮೇಜಿನ ಮೇಲಿಟ್ಟಳು. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅಷ್ಟರಲ್ಲಿ ಅತ್ತೆ ಕಣ್ಣು ಬಿಟ್ಟರು.

"ಅಳಿಯಂದಿರು ಯಾಕಮ್ಮ ಕೂಗಿದ್ರು?"

"ಏನಿಲ್ಲಮ್ಮ. ನಿನಗೆ ಇಂಜೆಕ್ಷನ್ ಆಗಿದೆ ಅಂತ ನೆನಪು ಮಾಡಿದ್ರು."

"ಒಳ್ಳೇ ಅಳಿಯ" ಎಂದರು ಅತ್ತೆ, ತೋಳು ಒಳಗೆಳೆದುಕೊಂಡು. "ನಿಮಗ್ಯಾರಿಗೂ ನೆನಪೇ ಇರಲ್ಲ."

ಅವಳು ಅತ್ತಳು. ಸದ್ದಿಲ್ಲದೆ, ಕೈಗಡಿಯಾರದ ಮಣಿಕಟ್ಟಿನಿಂದ ಕಣ್ಣೊರೆಸಿಕೊಂಡು. ನಾನು ಸುಳ್ಳು ಹೇಳಿದ್ದಕ್ಕೆ ಅಳುತ್ತಿದ್ದಾಳೆ ಎಂದುಕೊಂಡೆ. "ಕೊಟ್ಟೇಬಿಡ್ತಿದ್ದೆ" ಎಂದಳು. "ನಾನೇ, ನನ್ನ ಕೈಯಾರೆ." ಆಗಲೂ ನನ್ನ ಹೆಸರೆತ್ತಲಿಲ್ಲ.

ಆಫೀಸಿಗೆ ಬೇರೆಬೇರೆಯಾಗಿ ಹೋದೆವು. ಅವಳು ಮೊದಲು ತಲುಪಿದ್ದಳು, ಆರು ಮನೆಗಳ ನರ್ಸ್‌ಗಳಿಗೂ ಫೋನ್ ಮಾಡಿ ಇವತ್ತಿನಿಂದ ಮತ್ತೆ ಹಾಳೆಯಲ್ಲಿ ಬರೆಯಿರಿ ಎಂದು ಹೇಳುತ್ತಿದ್ದಳು. ಕಾರಣ ಕೇಳಿದವರಿಗೆ "ಆಫೀಸಿಂದ ಹೇಳ್ತೀವಿ" ಎಂದಳು. ನನ್ನ ಕಡೆ ನೋಡಲಿಲ್ಲ. ಯಜಮಾನರ ಬಾಗಿಲು ತೆರೆದೇ ಇತ್ತು. ಅದನ್ನು ಅವಳು ನನಗೆ ಬಿಟ್ಟಿದ್ದಳು. ಒಳಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಕೆಲಸದಿಂದ ತೆಗೆಯಲಿಲ್ಲ. ಇನ್ನು ಮುಂದೆ ನಾನು ಬರೆದದ್ದನ್ನು ನಾದಿನಿ ನೋಡದೆ ಹೊರಗೆ ಕಳಿಸುವಂತಿಲ್ಲ ಎಂದರು. ಹೊಸ ಆ್ಯಪ್ಪಿಗೆ ಪುಕ್ಕಟೆ ಬಂತು. ಹದಿನಾಲ್ಕು ವರ್ಷದ ದಾಖಲೆಗಳನ್ನು ಡಬ್ಬಿಯಿಂದ ತೆಗೆದು ಅದರೊಳಗೆ ತುಂಬುವ ಕೆಲಸ ನನ್ನ ಪಾಲಿಗೇ ಬಂತು. ಮಾಡಿದ್ದುಣ್ಣೋ ಮಹಾರಾಯ. ತುಂಬುತ್ತ ತುಂಬುತ್ತ ಪುಕ್ಕಟೆಯ ಒಳಗನ್ನೂ ಓದಿದೆ. ಚೆನ್ನಾಗಿಯೇ ಬರೆದಿದ್ದಾರೆ, ಹಾಳಾದವರು. ಅದು ಕಾಯುವ ಜಾಗದಲ್ಲೆಲ್ಲ ಕಾಯುತ್ತದೆ, ಕಾದೂ ಓಡುತ್ತದೆ.

ಹೆಂಡತಿಗೆ ಈ ಕಥೆ ಇವತ್ತಿನವರೆಗೂ ಗೊತ್ತಿಲ್ಲ. ನಾನು ಹೇಳಲಿಲ್ಲ, ಅವಳ ತಂಗಿಯೂ ಹೇಳಲಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತದೆ.

ಮೂರು ತಿಂಗಳ ಮೇಲೆ ಹೊಸ ಆ್ಯಪ್ ಎಲ್ಲ ಮನೆಗಳಿಗೂ ಹೋಯಿತು, ಎಲ್ಲರ ಗೋಡೆಹಾಳೆಯೂ ಹೋಯಿತು. ನಮ್ಮ ಮನೆಯದೊಂದು ಮಾತ್ರ ಉಳಿದಿದೆ. ಟ್ಯಾಬ್ಲೆಟ್ಟು ಬಿದ್ದ ದಿನ ಸಂಜೆಯೇ ನಾದಿನಿ ಬಂದು ಅದೇ ಮೊಳೆಗೆ ಹೊಸ ಹಾಳೆ ಸಿಕ್ಕಿಸಿದ್ದಳು, ಸ್ಕೇಲಿಟ್ಟು ಪೆನ್ಸಿಲಿನಿಂದ ಗೆರೆ ಎಳೆದು. ತಾರೀಖು, ಗಂಟೆ, ಕೊಟ್ಟವರು. ಹಳೆಯ ಹಾಳೆಯಲ್ಲಿ ಇಲ್ಲದ ನಾಲ್ಕನೆಯ ಕಾಲಮ್ಮು ಒಂದಿತ್ತು: ನೋಡಿದವರು.

"ಇಲ್ಲಿ ನೀವು ದಿನಾ ಸಹಿ ಹಾಕ್ಬೇಕು ಭಾವ" ಎಂದಳು. "ನೋಡಿದ ಮೇಲೆ."

ನನ್ನ ಮೇಲೆ ನಂಬಿಕೆ ಇಟ್ಟು ಹಾಗೆ ಹೇಳಿದಳೋ, ಇಲ್ಲದೆ ಹೇಳಿದಳೋ, ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ. ಭಾನುವಾರ ಬಂದಾಗ ಅಮ್ಮನ ಪಕ್ಕ ಕೂತು, ತಣ್ಣಗಾದ ಚಹಾ ಕುಡಿಯುತ್ತ, ವಾರದ ಏಳು ಸಹಿಗಳನ್ನೂ ಬೆರಳಿಟ್ಟು ಎಣಿಸುತ್ತಾಳೆ. ನಾನು ಬಾಗಿಲಲ್ಲಿ ನಿಂತು, ಅವಳು ಏಳು ಎನ್ನುವವರೆಗೆ ಕಾಯುತ್ತೇನೆ.